ಕೋಕ್-ಜಾರಿನ ಬಿಳಿ ಟೋಪಿ

ಕೋಕ್-ಜಾರ್ ಊರಿನ ಕಾಲುವೆಗೆ ಮೇಲಿನವರೆಂದರೆ ಸಲಿಗೆ. ಅದು ಮೊದಲು ಮೇಲಿನ ಬೀದಿಯ ತೋಟಗಳಲ್ಲಿ ಹೊರಳಾಡುತ್ತದೆ, ಶಾಲೆ ಬೀದಿಯ ಈರುಳ್ಳಿ ಮಡಿಗಳಲ್ಲಿ ಕೂತು ಎದ್ದು ಬರುತ್ತದೆ, ಮಸೀದಿ ಬೀದಿಯಲ್ಲಿ ದನಗಳ ಹುಲ್ಲಿಗೆ ಹರಿಯುತ್ತದೆ. ಆಮೇಲೂ ಮಿಕ್ಕಿದ್ದರೆ ಕೊನೆ ಬೀದಿಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ಮಿಕ್ಕುವುದಿಲ್ಲ. ಕೊನೆ ಬೀದಿಯವರಿಗೆ ಇರುವುದೆಲ್ಲ ಜರ್ದಾಲು ಮರಗಳು. ಅವು ಏಪ್ರಿಲ್‌ನಲ್ಲಿ ಮೈತುಂಬ ಹೂ ಬಿಡುತ್ತವೆ, ಮೇ ಹೊತ್ತಿಗೆ ಬೆರಳ ತುದಿಯಷ್ಟು ಕಾಯಿ ಕಟ್ಟಿಕೊಂಡು ನೀರಿಗೆ ಕಾಯುತ್ತವೆ. ಜೂನ್‌ನಲ್ಲಿ ಎತ್ತರದ ಗುಡ್ಡಗಳ ಹಿಮ ಕರಗಿ ಕಾಲುವೆ ಉಕ್ಕಿ ಬರುವಷ್ಟರಲ್ಲಿ ಕಾಯಿಗಳು ಉದುರಿ ನೆಲದ ಮೇಲೆ ಸುರುಟಿಕೊಂಡಿರುತ್ತವೆ.

ಮೊದಲು ಹೀಗಿರಲಿಲ್ಲ. ಅನೀಪಾ ಅಜ್ಜಿ ಮದುವೆಯಾಗಿ ಕೊನೆ ಬೀದಿಗೆ ಬಂದಾಗ ಕೆಳಗಿನ ಗುಡ್ಡದ ಮೇಲೂ ಮೇ ತನಕ ಹಿಮ ಇರುತ್ತಿತ್ತಂತೆ. "ಈಗಿನ ಹಿಮ ನೆಂಟರ ಹಾಗೆ. ಬಂತು, ಟೀ ಕುಡೀತು, ಹೊರಟೇ ಹೋಯ್ತು" ಎನ್ನುತ್ತಿದ್ದಳು.

ಅದೇ ಬೀದಿಯ ಬುರುಲ್ಚಾ ಹತ್ತನೇ ತರಗತಿಯಲ್ಲಿದ್ದಳು. ಒಂದು ದಿನ ಅವರ ವಿಜ್ಞಾನದ ಮೇಷ್ಟ್ರು ಸಗಿನ್‌ಬೆಕ್ ಒಂದು ಕಾಗದ ಹಿಡಿದುಕೊಂಡು ತರಗತಿಗೆ ಬಂದರು. ಅಲ್ಲಿ ಮಕ್ಕಳು ಮೇಷ್ಟ್ರನ್ನು ಅಗಾಯ್ ಎನ್ನುತ್ತಾರೆ. ಅಗಾಯ್ ಕನ್ನಡಕ ಏರಿಸಿ ಓದಿದರು: ಹವಾಮಾನ ಬದಲಾವಣೆಯನ್ನು ಎದುರಿಸಲು ಎಳೆಯರಿಂದ ಹೊಸ ಉಪಾಯಗಳು ಬೇಕಾಗಿವೆ, ಅದಕ್ಕೊಂದು ಸ್ಪರ್ಧೆ ಇದೆ. ಕಾಗದ ಮಡಚಿ, "ನೋಡ್ರಪ್ಪಾ, ದೊಡ್ಡೋರು ಎಲ್ಲಾ ಕೆಡಿಸಿ, ಈಗ ನಿಮ್ಮ ತಲೆಗೆ ಕಟ್ತಾ ಇದಾರೆ. ಆದ್ರೂ ಬಿಡಬೇಡಿ" ಎಂದರು. ಎಲ್ಲರೂ ನಕ್ಕರು. ಬುರುಲ್ಚಾ ನಗಲಿಲ್ಲ. ಅವಳ ತಲೆಯಲ್ಲಿ ಆಗಲೇ ಒಂದು ಪೈಪು ಓಡುತ್ತಿತ್ತು.

ಉಪಾಯ ದೊಡ್ಡದೇನಲ್ಲ. ಊರಿನ ಮೇಲಿರುವ ಬುಗ್ಗೆಯ ನೀರು ಚಳಿಗಾಲವಿಡೀ ಸುಮ್ಮನೆ ಕಣಿವೆಗೆ ಹರಿದುಹೋಗುತ್ತದೆ. ಅದನ್ನು ಪೈಪಿನಲ್ಲಿ ಕೆಳಗೆ ತಂದು, ನೆರಳಿರುವ ಕಣಿವೆ ಬಾಯಲ್ಲಿ ಪೈಪನ್ನು ನೆಟ್ಟಗೆ ನಿಲ್ಲಿಸಿದರೆ ನೀರು ತಾನಾಗಿಯೇ ಚಿಮ್ಮುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಚಿಮ್ಮಿದ್ದೆಲ್ಲ ಹೆಪ್ಪುಗಟ್ಟುತ್ತದೆ. ಅದು ಹೆಪ್ಪುಗಟ್ಟುತ್ತ ಗೋಪುರವಾಗಿ ಏರುತ್ತದೆ. ಮೇ ತಿಂಗಳಲ್ಲಿ ನಿಧಾನವಾಗಿ ಕರಗಿ ಕೊನೆ ಬೀದಿಗೆ ಇಳಿಯುತ್ತದೆ.

ಎರಡು ತಿಂಗಳು ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ಅಗಾಯ್‌ಗೆ ತೋರಿಸಿದಾಗ ಅವರು ಮಧ್ಯಾಹ್ನದ ಊಟ ಮರೆತು ಓದಿದರು. "ಇದನ್ನ ಯಾರು ಹೇಳಿಕೊಟ್ರು ನಿಂಗೆ?"

"ಯಾರೂ ಇಲ್ಲ ಅಗಾಯ್. ನಮ್ಮನೆ ನಲ್ಲಿ ಸೋರಿ ಸೋರಿ ಬಕೆಟ್ ಮೇಲೆ ಒಂದು ಬೆಟ್ಟ ಆಗಿತ್ತು."

ಮುಂದಿನ ವಾರ ಅಗಾಯ್ ತಮ್ಮ ಮೋಟರ್ ಸೈಕಲ್ ಮಾರಿ ಪೈಪು ತಂದರು. ಇದನ್ನು ಹೇಳದೆ ಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ. ಆ ಚಳಿಗಾಲವೆಲ್ಲ ಅವರು ಮೊಣಕಾಲುದ್ದ ಹಿಮದಲ್ಲಿ ನಡೆದೇ ಶಾಲೆಗೆ ಬಂದರು. ಮೂಗು ಸದಾ ಕೆಂಪಗಿರುತ್ತಿತ್ತು.

ನವೆಂಬರ್‌ನಲ್ಲಿ ಕೊನೆ ಬೀದಿಯವರೆಲ್ಲ ಅಶರ್‌ಗೆ ಸೇರಿದರು. ಅಶರ್ ಎಂದರೆ ಕೂಲಿಯಿಲ್ಲ, ಕರೆದ ಮನೆಯವರು ಟೀ ಕೊಡಬೇಕು ಅಷ್ಟೆ. ಹೆಂಗಸರು ಕಂದಕ ತೋಡಲು ಬಂದರು, ಗಂಡಸರು ಪೈಪು ಹೊತ್ತರು, ನೀರಿನ ಸರದಿ ಹಂಚುವ ತೊಕೋನ್ ಕೈ ಹಿಂದೆ ಕಟ್ಟಿಕೊಂಡು ಸಲಹೆ ಹಂಚಿದ. ಕೆಲಸ ಶುರುವಾಗುವ ಮೊದಲು ಹಿರಿಯರು ಅಂಗೈ ಚಾಚಿ ಹರಸಬೇಕು. ಅದಕ್ಕೆ ಬಾತಾ ಎನ್ನುತ್ತಾರೆ. ಬಾತಾ ಆಗದೆ ಅಲ್ಲಿ ಯಾರೂ ಗುದ್ದಲಿ ಎತ್ತುವುದಿಲ್ಲ. ಎಲ್ಲರೂ ಅನೀಪಾ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಕೈ ಚಾಚಲಿಲ್ಲ.

"ಏನೇ ಹುಡುಗಿ, ಮೇ ತಿಂಗಳಲ್ಲಿ ಎಷ್ಟು ಸರದಿ ನೀರು ಕೊಡುತ್ತೆ ನಿನ್ನ ಮಂಜುಗಡ್ಡೆ?"

"ಮೂರು ಸರದಿ, ಅಜ್ಜಿ. ಬೀದಿಲಿರೋ ಎಲ್ಲಾ ಮನೆಗೂ."

"ಅಳೆದು ಹೇಳ್ತಿದೀಯೋ, ಬಾಯಿಗೆ ಬಂದದ್ದು ಹೇಳ್ತಿದೀಯೋ?"

"ಅಳೆದೇ. ಬೇಕಾದ್ರೆ ಅಗಾಯ್‌ನ ಕೇಳಿ."

"ಅವನನ್ನ ಯಾಕೆ ಕೇಳ್ಲಿ? ಮಾತು ಕೊಡ್ತಿರೋಳು ನೀನು."

ಬುರುಲ್ಚಾ, "ಮೂರು ಸರದಿ. ಮಾತು ಕೊಟ್ಟೆ" ಎಂದಳು. ಆಗ ಅಜ್ಜಿ ಅಂಗೈ ಚಾಚಿದಳು. ನೀರು ಹೆಚ್ಚಲಿ, ಕೈಗಳು ದಣಿಯದಿರಲಿ, ಈ ಹುಡುಗಿಯ ಮುಖ ಬೆಳಗಲಿ ಎಂದು ಹರಸಿದಳು. ನಲವತ್ತು ಜನ ಅಂಗೈಯಿಂದ ಮುಖ ಸವರಿಕೊಂಡರು.

ಜನವರಿ ಹೊತ್ತಿಗೆ ಗೋಪುರ ಶಾಲೆಯ ಮಾಡನ್ನು ಮೀರಿತು. ಕೆಳಗೆ ಅಗಲ, ಮೇಲೆ ಚೂಪು, ಥೇಟ್ ಮುದುಕರು ಇಟ್ಟುಕೊಳ್ಳುವ ಉಣ್ಣೆಯ ಬಿಳಿ ಟೋಪಿ. ಊರವರು ಅದನ್ನು ಟೋಪಿ ಎಂದೇ ಕರೆದರು. ಪೈಪಿನ ಬಾಯಿ ಕಟ್ಟಿಕೊಂಡಾಗಲೆಲ್ಲ ಹತ್ತು ಜನ ಏಣಿ ಹೊತ್ತುಕೊಂಡು ಹೋಗುತ್ತಿದ್ದರು. ಹಾಗೆ ಹೋದಾಗ ಒಮ್ಮೆ ಯಾರೋ ಅದರ ಪಕ್ಕದಲ್ಲೇ ಸಗಣಿ ಬೆರಣಿ ಹೊತ್ತಿಸಿ ಟೀಗೆ ನೀರಿಟ್ಟರು. ಗಾಳಿ ತಿರುಗಿತು. ಬುರುಲ್ಚಾ ಕಿರುಚಿಕೊಂಡು ಓಡಿ ಬಂದಳು.

"ಒಲೆ ಆ ಕಡೆ ಇಡಿ! ಬೂದಿ ಬಿದ್ರೆ ಟೋಪಿ ಹೋಯ್ತು!"

"ಬೂದಿಗೆ ಹೆದರೋ ಟೋಪಿ ಯಾವ ಸೀಮೇದಮ್ಮಾ?" ಎಂದ ತೊಕೋನ್.

"ನಗಬೇಡಿ ತೊಕೋನ್ ಮಾವ. ಕುರಿ ಮರಿ ಹಾಕೋ ಕಾಲಕ್ಕೆ ಹುಲ್ಲು ಬೇಗ ಕಾಣಲಿ ಅಂತ ನಮ್ಮ ತಾತ ಹಿಮದ ಮೇಲೆ ಬೂದಿ ಚೆಲ್ತಿದ್ರು. ಕಪ್ಪು ಬಿಸಿಲನ್ನ ಕುಡಿಯುತ್ತೆ. ನಾಲ್ಕೇ ದಿನಕ್ಕೆ ನೆಲ ಕಾಣ್ತಿತ್ತು."

ಅವತ್ತು ಸಂಜೆ ಅವಳು ನೀಲಿ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದಳು: ಎಚ್ಚರಿಕೆ, ಬೂದಿ ಬೀಳದಂತೆ ನೋಡಿಕೊಳ್ಳಬೇಕು, ಬಿದ್ದರೆ ತಿಂಗಳ ನೀರು ವಾರದಲ್ಲಿ ಹೋಗುತ್ತದೆ. ನೋಟ್‌ಬುಕ್ ಅಗಾಯ್ ಕೈಗೆ ಹೋಯಿತು. ಅವರೇ ಅದನ್ನು ಚೆನ್ನಾಗಿ ಬರೆದು ಸ್ಪರ್ಧೆಗೆ ಕಳಿಸಿದರು. ಫೆಬ್ರವರಿಯಲ್ಲಿ ಸುದ್ದಿ ಬಂತು: ಬುರುಲ್ಚಾ ಗೆದ್ದಿದ್ದಾಳೆ. ಮೇ ತಿಂಗಳಲ್ಲಿ ಅತಿಥಿಗಳು ಬಂದು ನೋಡುತ್ತಾರೆ, ಆಮೇಲೆ ರಾಜಧಾನಿಯಲ್ಲಿ ದೊಡ್ಡ ಸಭೆ.

ಏಪ್ರಿಲ್ ಮೊದಲ ವಾರ ಅಗಾಯ್ ಅವಳನ್ನು ಆರು ದಿನದ ತರಬೇತಿಗೆಂದು ಜಿಲ್ಲಾ ಪಟ್ಟಣಕ್ಕೆ ಕಳಿಸಿದರು. ಮೈಕ್ ಮುಂದೆ ಹೇಗೆ ನಿಲ್ಲಬೇಕು, ಮೂರು ನಿಮಿಷದಲ್ಲಿ ಹೇಗೆ ಮಾತು ಮುಗಿಸಬೇಕು ಎಂದು ಅಲ್ಲಿ ಕಲಿಸಿದರು. ಆರನೆಯ ದಿನ ಒಬ್ಬ ಅಧಿಕಾರಿ ಅವಳನ್ನು ಕಾರಿಗೆ ಹತ್ತಿಸಿ, "ಇವತ್ತೇ ಉದ್ಘಾಟನೆ. ಗೊತ್ತಿಲ್ವಾ? ನಿಮ್ಮ ಮೇಷ್ಟ್ರು ಎಲ್ಲಾ ತಯಾರು ಮಾಡಿದಾರೆ" ಎಂದ.

"ಮೇ ಅಂದಿದ್ರಲ್ಲ?"

"ಅತಿಥಿಗಳಿಗೆ ಮೇನಲ್ಲಿ ಬಿಡುವಿಲ್ಲ. ಹೋದ ತಿಂಗಳೇ ಫೋನ್ ಮಾಡಿ ಹೇಳಿದ್ವಲ್ಲ."

ಊರಿನ ತಿರುವಿನಲ್ಲಿ ಅವಳಿಗೆ ಟೋಪಿ ಕಂಡಿತು. ಅದು ಬೂದು ಬಣ್ಣಕ್ಕೆ ತಿರುಗಿತ್ತು. ತುದಿ ಒಂದು ಕಡೆ ವಾಲಿತ್ತು. ಮರಳುಗಾಡಿನ ಕಡೆಯಿಂದ ಧೂಳುಗಾಳಿ ಬಂದಿರಬೇಕು ಎಂದುಕೊಂಡಳು. ಆದರೆ ಜರ್ದಾಲು ಹೂಗಳು ಬೆಳ್ಳಗೇ ಇದ್ದವು, ಒಂದರ ಮೇಲೂ ಧೂಳಿರಲಿಲ್ಲ. ಕಾರಿನಿಂದಿಳಿದು ಓಡಿದಳು. ಟೋಪಿಯ ಬಿಸಿಲು ಬೀಳುವ ಮಗ್ಗುಲಲ್ಲಿ ಸಾಲಾಗಿ ತೂತುಗಳು ಬಿದ್ದಿದ್ದವು, ಒಂದೊಂದರ ತಳದಲ್ಲಿ ಬೂದಿಯ ಗಷ್ಟು. ಹೊಸದಾಗಿ ತೋಡಿದ ಕಾಲುವೆಯಲ್ಲಿ ನೀರು ಬುಸುಗುಟ್ಟಿಕೊಂಡು ಓಡುತ್ತಿತ್ತು. ಒಂಬತ್ತನೇ ತರಗತಿಯವರು ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಅವರ ಉಗುರುಗಳೆಲ್ಲ ಕಪ್ಪು.

"ಯಾರು ಮಾಡಿದ್ದು ಇದನ್ನ?"

"ಅಗಾಯ್ ಹೇಳಿದ್ರು ಅಕ್ಕಾ. ನಿಮ್ಮ ನೋಟ್‌ಬುಕ್ಕಲ್ಲೇ ಇದೆ ಅಂದ್ರು" ಎಂದಳು ಒಬ್ಬಳು, ಮೆಚ್ಚುಗೆಗೆ ಕಾಯುವಂತೆ.

ಅಷ್ಟರಲ್ಲಿ ಯಾರೋ ಅವಳನ್ನು ತೋಳು ಹಿಡಿದು ಮೈಕಿನ ಪಕ್ಕ ನಿಲ್ಲಿಸಿದರು. ಎತ್ತರದ ಹೆಂಗಸೊಬ್ಬಳು, ದೂರ ದೇಶದ ಅತಿಥಿ, ಬುರುಲ್ಚಾಳ ಕೈ ಹಿಡಿದು ಕುಲುಕಿದಳು. ಅಧಿಕಾರಿ ಹೊಳೆಯುವ ಕಾಗದದ ಪುಸ್ತಿಕೆ ಬಿಡಿಸಿ ಓದಿದ:

"ಈ ಹುಡುಗಿಯ ವಿಶೇಷ ಏನು ಗೊತ್ತಾ? ಮಂಜುಗಡ್ಡೆ ಕಟ್ಟೋದನ್ನ ಬೇರೆಯವರೂ ಮಾಡಬಹುದು. ಬೇಕೆಂದಾಗ ಅದರಿಂದ ನೀರು ತೆಗೆಯೋದನ್ನ ಈಕೆ ಕಂಡುಹಿಡಿದಿದಾಳೆ! ನಾಲ್ಕು ಬಕೆಟ್ ಬೂದಿ ಸಾಕು. ಪುಟ ಏಳು ನೋಡಿ."

ಚಪ್ಪಾಳೆ ಬಿತ್ತು. ಬುರುಲ್ಚಾ ಪುಟ ಏಳು ನೋಡಿದಳು. ಅಲ್ಲಿ ಅವಳದೇ ಅಂಕಿಗಳಿದ್ದವು, ಕೆಂಪು ಶಾಯಿ ಇರಲಿಲ್ಲ. ಎಚ್ಚರಿಕೆ ಅನ್ನುವ ಪದ ಇದ್ದ ಜಾಗದಲ್ಲಿ 'ವಿಧಾನ' ಎಂದಿತ್ತು. ತಲೆಯೆತ್ತಿದರೆ ಕೊನೆ ಬೀದಿಯವರು ಕಂಡರು. ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ತೊಕೋನ್ ಓಡುವ ನೀರನ್ನೂ ಅವಳನ್ನೂ ಸರದಿಯ ಮೇಲೆ ನೋಡುತ್ತಿದ್ದ. ಅನೀಪಾ ಅಜ್ಜಿ ಬಗ್ಗಿ ನೀರಿಗೆ ಬೆರಳದ್ದಿ, ಬೆರಳನ್ನು ನೋಡಿ, ಅಂಗಿಗೆ ಒರೆಸಿಕೊಂಡಳು. ಏಪ್ರಿಲ್‌ನಲ್ಲಿ ಹರಿದ ನೀರು ಮೇ ತಿಂಗಳಿಗೆ ಇರುವುದಿಲ್ಲ ಎಂದು ಅವಳಿಗೆ ಯಾವ ಪುಟವೂ ಹೇಳಬೇಕಾಗಿರಲಿಲ್ಲ.

"ಈಗ ಹಿರಿಯರು ಬಾತಾ ಕೊಡಲಿ!" ಎಂದ ಅಧಿಕಾರಿ. ಫೋಟೋದವರು ಮುಂದೆ ಬಂದರು.

ಅಜ್ಜಿ ಅಂಗೈ ಚಾಚಿದಳು. "ದೂರದಿಂದ ಬಂದೋರ ದಾರಿ ಸುಗಮವಾಗಲಿ. ಮನೆ ಸೇರಿದಾಗ ಒಲೆ ಬೆಚ್ಚಗಿರಲಿ. ಓಮೀನ್."

ಅಷ್ಟೇ. ನೀರಿನ ಮಾತಿಲ್ಲ, ಹುಡುಗಿಯ ಮಾತಿಲ್ಲ. ಅತಿಥಿಗಳು ಸಂತೋಷದಿಂದ ಮುಖ ಸವರಿಕೊಂಡರು. ಬುರುಲ್ಚಾಳ ಕೈ ಮುಖದ ತನಕ ಏಳಲಿಲ್ಲ.

ಮೂರು ನಿಮಿಷದ ಮಾತು ಅವಳ ಬಾಯಿಂದ ಬರಲೇ ಇಲ್ಲ. ಅಗಾಯ್ ಮುಂದೆ ಬಂದು, "ಹುಡುಗಿ ನಾಚಿಕೊಂಡಿದಾಳೆ" ಎಂದು ನಗಿಸಿ ತಾವೇ ಮಾತಾಡಿದರು.

ಅತಿಥಿಗಳು ಪಲಾವ್ ತಿನ್ನಲು ಶಾಲೆಗೆ ಹೋದಾಗ ಅವಳು ಅಗಾಯ್‌ರನ್ನು ಬಾಗಿಲಲ್ಲೇ ತಡೆದಳು.

"ನನ್ನನ್ನ ತರಬೇತಿಗೆ ಕಳ್ಸಿದ್ದು ಇದಕ್ಕಾ?"

"ನೋಡು ಮಗಳೇ, ಮೊದಲು ಒಂದು ತುತ್ತು ತಿನ್ನು, ಆಮೇಲೆ..."

"ಹೌದೋ ಅಲ್ವೋ ಹೇಳಿ."

ಅಗಾಯ್ ಕನ್ನಡಕ ತೆಗೆದು ಒರೆಸಿದರು. "ಎಷ್ಟು ಬೇಡ್ಕೊಂಡೆ ಗೊತ್ತಾ? ಮೇನಲ್ಲಿ ಬನ್ನಿ ಅಂದೆ. ಆಗಲ್ಲ ಅಂದ್ರು. ನೀರು ಹರಿಯೋದು ಕಾಣದಿದ್ರೆ ಬರೇ ಮಂಜುಗಡ್ಡೆ ನೋಡೋಕೆ ಯಾರು ಬರ್ತಾರೆ, ಅದು ನಮ್ಮಲ್ಲೂ ಇದೆ ಅಂದ್ರು. ಇವತ್ತು ನೀರು ನೋಡಿದ್ರಲ್ಲ, ಮುಂದಿನ ವರ್ಷ ಹತ್ತು ಟೋಪಿಗೆ ಪೈಪು ಕೊಡ್ತಾರಂತೆ. ಹತ್ತು! ನಿನ್ನ ಹೆಸರಲ್ಲಿ!"

"ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

ಒಳಗಿಂದ ಯಾರೋ "ಸಗಿನ್‌ಬೆಕ್, ಬಾರಯ್ಯ, ತಣ್ಣಗಾಗುತ್ತೆ" ಎಂದು ಕೂಗಿದರು. "ನಾಳೆ ಬೆಳಗ್ಗೆ ಏಳಕ್ಕೆ ರಾಜಧಾನಿಗೆ ಕಾರು. ಬಟ್ಟೆ ಇಸ್ತ್ರಿ ಮಾಡಿಸ್ಕೋ" ಎಂದು ಅವರು ಒಳಗೆ ಹೋದರು. ಸಿಟ್ಟಿನಿಂದ ಕೂಗಾಡಿದ್ದರೆ ಅವಳೂ ಕೂಗಾಡಬಹುದಿತ್ತು. ಯಾವಾಗಲೂ ಮಾತಾಡುವ ಹಾಗೆ, ಅದೇ ಅಕ್ಕರೆಯಲ್ಲಿ ಮಾತಾಡಿದ್ದರು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮೊದಲು ಕೊನೆ ಬೀದಿಗೆ ಹೋದಳು. ತೊಕೋನ್ ಗೇಟಿನಲ್ಲೇ ನಿಂತಿದ್ದ.

"ಮಾವ, ನಾನಲ್ಲ. ನಾನು ಊರಲ್ಲೇ ಇರಲಿಲ್ಲ."

"ನೀನು ಇರಲಿಲ್ಲ, ನಿನ್ನ ಬುದ್ಧಿ ಇತ್ತಲ್ಲ. ಅವತ್ತು ಒಲೆ ಆಚೆ ಇಡಿ ಅಂತ ಕಿರುಚಿದೋಳು ನೀನೇ, ಇವತ್ತು ಅದಕ್ಕೇ ಶಹಬ್ಬಾಸ್ ಅನ್ನಿಸ್ಕೊಂಡೋಳೂ ನೀನೇ. ಚೆನ್ನಾಗಿ ಓದಿದೀಯಮ್ಮಾ."

"ಅದು ಎಚ್ಚರಿಕೆ ಅಂತ ಬರೆದಿದ್ದೆ!"

"ಬರೆದದ್ದು ನಮಗೆ ಓದೋಕೆ ಬರುತ್ತಾ? ಕೇಳಿಸ್ಕೊಂಡಿದ್ದನ್ನ ಹೇಳ್ತಿದೀನಿ."

ಎರಡನೆಯ ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಮೂರನೆಯ ಮನೆಯ ಹೆಂಗಸು ಕಂದಕ ತೋಡಿ ಬಾವು ಬಂದಿದ್ದ ಮಣಿಕಟ್ಟನ್ನು ತೋರಿಸಿ ಒಳಗೆ ಹೋದಳು. ಬುರುಲ್ಚಾ ಅಲ್ಲಿಂದಲೇ ಹಿಂತಿರುಗಿದಳು. ಅನೀಪಾ ಅಜ್ಜಿಯ ಬಾಗಿಲು ಇನ್ನೂ ನಾಲ್ಕು ಮನೆ ಆಚೆ ಇತ್ತು.

ಮನೆಗೆ ಬಂದು ಅವಳು ಪೆಟ್ಟಿಗೆ ಮೇಲೆ ಮಡಚಿಟ್ಟಿದ್ದ ಉಣ್ಣೆ ಹಾಸುಗಳನ್ನೆಲ್ಲ ಎಳೆಯತೊಡಗಿದಳು. ಕೆಳಗಿನ ಎರಡು ಹಾಸು ಬಣ್ಣದವು, ಕೊಂಬಿನ ಚಿತ್ತಾರದವು. ಅವಳ ಮದುವೆಗೆಂದು ತಾಯಿ ಗುಲ್ಸುನ್ ಆರು ಚಳಿಗಾಲ ಕೂತು ಹೊಲಿದವು.

"ಅವೆರಡು ಬಿಡೇ. ಅವು ನಿನ್ನವು" ಎಂದಳು ಗುಲ್ಸುನ್.

"ನನ್ನವಾದ್ರೆ ನಾನೇ ಒಯ್ತೀನಿ."

"ಏನು ಮಾಡ್ತೀಯ?"

"ಬೂದಿ ಕೆರೆದು ಟೋಪಿಗೆ ಹೊದಿಸ್ತೀನಿ. ಬಿಸಿಲು ತಾಗದಿದ್ರೆ ಉಳಿದಷ್ಟಾದ್ರೂ ಉಳಿಯುತ್ತೆ."

ಗುಲ್ಸುನ್ ಮಗಳ ಮುಖ ನೋಡಿದಳು. ಹಾಸಿನ ಇನ್ನೊಂದು ತುದಿ ಹಿಡಿದುಕೊಂಡಳು.

ಮರುದಿನ ಬೆಳಗ್ಗೆ ಏಳಕ್ಕೆ ಶಾಲೆಯ ಮುಂದೆ ಕಾರು ಹಾರ್ನ್ ಹೊಡೆಯಿತು. ತಾಯಿ ಮಗಳು ಏಣಿಯ ಮೇಲಿದ್ದರು. ಬುರುಲ್ಚಾ ಸಲಿಕೆಯ ಅಂಚಿನಿಂದ ತೂತುಗಳೊಳಗಿನ ಬೂದಿ ಕೆರೆದು ತೆಗೆಯುತ್ತಿದ್ದಳು. ಎರಡನೆಯ ಹಾರ್ನ್ ಆಯಿತು. ಕಾರಿನ ಪಕ್ಕ ಅಗಾಯ್ ನಿಂತು ಮೇಲೆ ನೋಡುತ್ತಿದ್ದರು. ಕೈ ಬೀಸಿ ಕರೆದರು. ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. ಮೂರನೆಯ ಹಾರ್ನ್ ಬಹಳ ಹೊತ್ತು ಕೂಗಿತು. ಆಮೇಲೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು. ಅಗಾಯ್ ಅವಳ ನೀಲಿ ನೋಟ್‌ಬುಕ್ ಚೀಲದಲ್ಲಿಟ್ಟುಕೊಂಡು ಒಬ್ಬರೇ ಹೋದರು.

ಬಿಸಿಲೇರಿದಾಗ ಕೆಳಗೆ ಯಾರೋ ಉಸ್ಸೆಂದರು. ಅನೀಪಾ ಅಜ್ಜಿ. ಬೆನ್ನ ಮೇಲೆ ಸುಟ್ಟು ಅಲ್ಲಲ್ಲಿ ತೂತಾದ ಹಳೆಯ ಉಣ್ಣೆ ಹಾಸು.

"ಅಜ್ಜಿ, ನಾನು..."

"ನಿಂಗಲ್ಲ ತಂದಿದ್ದು. ಮರಗಳಿಗೆ. ಹಿಡ್ಕೋ."

ಮಧ್ಯಾಹ್ನ ತೊಕೋನ್ ಬಂದ. ಎರಡು ಹಾಸು ಎಸೆದು ಏಣಿ ಹಿಡಿದು ನಿಂತ. ಅವನು ಸಲಹೆ ಕೊಡದೆ ನಿಂತಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಸಂಜೆಗೆ ಟೋಪಿ ಕೆಂಪು, ಕಪ್ಪು, ಕಂದು ತೇಪೆಗಳ ಗುಡ್ಡದಂತಾಯಿತು. ಅವಳ ಮದುವೆಯ ಹಾಸುಗಳು ಬಿಸಿಲಿನ ಮಗ್ಗುಲಲ್ಲಿದ್ದವು.

ಮೇ ಹದಿನೈದಕ್ಕೆ ಕಾಲುವೆ ಕೊನೆ ಬೀದಿಗೆ ಇಳಿಯುವುದನ್ನು ನಿಲ್ಲಿಸಿತು. ಹಾಸುಗಳನ್ನು ತೆಗೆದರು. ಒಳಗೆ ಎಮ್ಮೆ ಬೆನ್ನಿನಷ್ಟು ಎತ್ತರದ ಮಂಜುಗಡ್ಡೆ ಉಳಿದಿತ್ತು. ತೊಕೋನ್ ಕಡ್ಡಿ ಹಿಡಿದು ಅಳೆದು, ಬೀದಿಯವರನ್ನು ಕರೆದು ಹೇಳಿದ: "ಒಂದು ಸರದಿ. ಅದೂ ಕೊನೇ ಎರಡು ಮನೆಗೆ ಅನುಮಾನ."

"ನಮ್ಮ ಮನೆ ಬಿಟ್ಟುಬಿಡಿ" ಎಂದಳು ಬುರುಲ್ಚಾ.

"ಬಿಟ್ರೂ ಒಂದು ಮನೆಗೆ ಅನುಮಾನ."

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು. ಒಂದೊಂದು ಮನೆಯವರೂ ತಮ್ಮ ಸರದಿ ಬಂದಾಗ ಗುದ್ದಲಿ ಹಿಡಿದು ಬಂದರು, ಯಾವ ಮರಕ್ಕೆ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಗೊಣಗಿಕೊಂಡು ಆರಿಸಿದರು. ಬಿಟ್ಟ ಮರಗಳು ಮೂರು ವಾರದಲ್ಲಿ ಕಾಯಿ ಉದುರಿಸಿದವು. ಗುಲ್ಸುನ್ ಮನೆಯ ಅಂಗಳದಲ್ಲಿ ನಡೆದಾಡಿದರೆ ಕಾಲಡಿ ಹಸಿರು ಕಾಯಿಗಳು ಚಟಚಟ ಎನ್ನುತ್ತಿದ್ದವು.

ಅಗಾಯ್ ರಾಜಧಾನಿಯಿಂದ ಒಂದು ಚೌಕಟ್ಟು ಹಾಕಿದ ಪತ್ರ ತಂದು ಕೊಟ್ಟರು, ಅವಳ ಹೆಸರಿನದು. ಅದನ್ನು ಅವಳು ಎರಡು ಕೈಯಿಂದ ತೆಗೆದುಕೊಂಡು ವಂದಿಸಿದಳು. ಮೇಷ್ಟ್ರಿಗೆ ಹಾಗೇ ಮಾಡಬೇಕು. ಆಮೇಲೆ ತರಗತಿಯಲ್ಲಿ ಅವಳು ಕೈ ಎತ್ತಿ ಏನನ್ನೂ ಕೇಳಲಿಲ್ಲ. ಅಗಾಯ್ ಒಂದೆರಡು ಸಲ ಅವಳ ಕಡೆ ನೋಡಿ, "ಬುರುಲ್ಚಾ, ಏನಾದ್ರೂ ಹೊಸದು ಯೋಚನೆ ಮಾಡಿದೀಯಾ?" ಎಂದು ಕೇಳಿದರು.

"ಇಲ್ಲ ಅಗಾಯ್."

ಅದು ಸುಳ್ಳು. ಅವಳ ಚೀಲದಲ್ಲಿ ಹೊಸ ನೋಟ್‌ಬುಕ್ ಇತ್ತು. ಟೋಪಿಯನ್ನು ಕಣಿವೆಯ ಇನ್ನೂ ಒಳಗೆ, ಬಿಸಿಲು ಯಾವತ್ತೂ ಬೀಳದ ಬಿರುಕಿನಲ್ಲಿ, ಕಾರು ಹೋಗಲಾಗದ ಜಾಗದಲ್ಲಿ ಕಟ್ಟುವ ಲೆಕ್ಕ ಅದರಲ್ಲಿತ್ತು.

ಹತ್ತು ಟೋಪಿಗೆ ಬರಬೇಕಿದ್ದ ಪೈಪು ಬರಲಿಲ್ಲ. ನವೆಂಬರ್‌ನಲ್ಲಿ ಬುರುಲ್ಚಾ ಹಳೆಯ ಪೈಪನ್ನೇ ಕಿತ್ತು ಬಿರುಕಿನ ಕಡೆ ಎಳೆಯತೊಡಗಿದಳು. ತಾಯಿ ಬಂದಳು, ತೊಕೋನ್ ಬಂದ, ಒಂಬತ್ತು ಜನ ಸೇರಿದರು. ಹೋದ ವರ್ಷ ನಲವತ್ತು. ಅನೀಪಾ ಅಜ್ಜಿ ಕೋಲೂರಿಕೊಂಡು ಕೊನೆಯವಳಾಗಿ ಏರಿ ಬಂದಳು. ಎಲ್ಲರೂ ರೂಢಿಯಂತೆ ಅಂಗೈ ಚಾಚಿ ಅವಳ ಕಡೆ ತಿರುಗಿದರು.

"ಎಷ್ಟು ಸರದಿ?" ಎಂದಳು ಅಜ್ಜಿ.

ಬುರುಲ್ಚಾ ಹೊಸ ನೋಟ್‌ಬುಕ್ ತೆಗೆಯಲಿಲ್ಲ. "ಹೇಳಲ್ಲ ಅಜ್ಜಿ. ಬಂದಷ್ಟು."

ಅಜ್ಜಿ ಕೋಲನ್ನು ಕಲ್ಲಿಗೆ ಒರಗಿಸಿ, ಚಾಚಿದ್ದ ಒಂಬತ್ತು ಜೊತೆ ಅಂಗೈಗಳನ್ನು ಅಲ್ಲೇ ಬಿಟ್ಟು, ಬಗ್ಗಿ ಒಂದು ಗುದ್ದಲಿ ಎತ್ತಿಕೊಂಡಳು.

"ಕೈ ಇಳಿಸ್ರೋ. ಬಾತಾ ಈಗಿಲ್ಲ. ಮೇನಲ್ಲಿ ನೀರು ಬರ್ಲಿ, ಆಗ ಕೊಡ್ತೀನಿ."